ಆ ಆಲ್ಬಂನ ಲಯ ತಪ್ಪಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬೆಂಗಳೂರಿನ ಜಾನಪದ-ಪಾಪ್ ಗಾಯಕರೊಬ್ಬರ ಹೊಸ ಆಲ್ಬಂ ಕುರಿತು ಬಂದ ವಿಮರ್ಶೆಯನ್ನು ಓದಿದೆ. ತಾವೇ ಹಾಡು ಬರೆದು, ತಾವೇ ರಾಗ ಹಾಕಿ, ತಂಡದಿಂದ ಹೊರಬಂದ ಮೇಲೆ ಒಬ್ಬರೇ ಮಾಡಿರುವ ಮೊದಲ ಆಲ್ಬಂ ಅದು. ನಿಮ್ಮ ವಿಮರ್ಶಕರು ಸಾಹಿತ್ಯವನ್ನು ಮೆಚ್ಚಿದ್ದಾರೆ, ಕಂಠವನ್ನು ಮೆಚ್ಚಿದ್ದಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೊನೆಗೆ ಬಂದು, ಹಲವು ಹಾಡುಗಳಲ್ಲಿ ಲಯ ಒಂದೇ ಸಮ ನಿಲ್ಲುವುದಿಲ್ಲ, ತಾಳವಾದ್ಯಗಳು ಹಿಂದೆಮುಂದೆ ಆಗುತ್ತವೆ, ವೃತ್ತಿಪರರ ಅಚ್ಚುಕಟ್ಟು ಕಾಣುವುದಿಲ್ಲ ಎಂದು ತೀರ್ಪು ಕೊಟ್ಟು ಐದಕ್ಕೆ ಎರಡೂವರೆ ನಕ್ಷತ್ರ ಹಾಕಿದ್ದಾರೆ. ಈ ಮಾತಿಗೆ ನನ್ನ ಬಲವಾದ ಆಕ್ಷೇಪವಿದೆ. ಆ ಆಲ್ಬಂನಲ್ಲಿ ಯಾವುದನ್ನು ಅವರು ದೋಷವೆಂದು ಎಣಿಸಿದ್ದಾರೋ ಅದೇ ಅದರ ಜೀವ.

ಗಾಯಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ವಿಮರ್ಶೆ ಓದಿದವರಿಗೆ ಅದು ಗೊತ್ತಿದೆ, ಮತ್ತು ಅವರ ಪರ ಪ್ರಚಾರ ಮಾಡುವುದು ನನ್ನ ಉದ್ದೇಶವಲ್ಲ. ನಾಳೆ ಇನ್ನೊಬ್ಬ ಹುಡುಗನೋ ಹುಡುಗಿಯೋ ಇಂಥದ್ದೇ ಆಲ್ಬಂ ಮಾಡಿದಾಗ ಇದೇ ಆರೋಪ ಮತ್ತೆ ಅಚ್ಚಾಗಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ನಾನು ಢೋಲಕ್ ನುಡಿಸುವವನು. ಹಗಲು ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ; ಸಂಜೆಯಾದರೆ ಸುಗಮ ಸಂಗೀತದ ತಂಡಗಳು, ಗಣೇಶೋತ್ಸವದ ವಾದ್ಯಗೋಷ್ಠಿಗಳು; ನವೆಂಬರ್ ಬಂತೆಂದರೆ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ರಾಜ್ಯೋತ್ಸವದ ಓಡಾಟ. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಲ್ಲಿ ದುಡಿದ ನಮ್ಮ ಪೀಳಿಗೆಯ ಅನೇಕ ವಾದ್ಯಗಾರರ ಬದುಕು ಹೀಗೇ ಇತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ನಾನು ಇದ್ದದ್ದು ಗಡಿಯಾರದ ನಡಿಗೆಯನ್ನು ಸರಿಹೊಂದಿಸುವ ವಿಭಾಗದಲ್ಲಿ. ಕೀಲಿ ಕೊಡುವ ಕೈಗಡಿಯಾರದ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ಬಡಿಯಬೇಕು, ಅಂದರೆ ಸೆಕೆಂಡಿಗೆ ಐದು. ಮುಖ ಮೇಲಾಗಿಟ್ಟಾಗ ಒಂದು ನಡಿಗೆ, ಮಗ್ಗುಲಾಗಿಟ್ಟಾಗ ಇನ್ನೊಂದು. ಅವೆರಡರ ಅಂತರವನ್ನು ಸೆಕೆಂಡುಗಳ ಲೆಕ್ಕದಲ್ಲಿ ತಗ್ಗಿಸುವುದೇ ನಮ್ಮ ದುಡಿಮೆ. ನಿಖರವಾದ ಕಾಲ ಎಂದರೇನು ಎಂಬುದು ನನಗೆ ಕೈಯಳತೆಯಲ್ಲಿ ಗೊತ್ತು. ಗಡಿಯಾರಕ್ಕೆ ಆ ನಿಖರತೆ ಬೇಕು. ಹಾಡಿಗೆ ಬೇಕಾದ ಕಾಲ ಬೇರೆ, ಮತ್ತು ಅದನ್ನು ಸಾಧಿಸುವುದು ಇನ್ನೂ ಕಷ್ಟ.

ಸ್ಟುಡಿಯೊ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲದ ಓದುಗರಿಗಾಗಿ ಒಂದಿಷ್ಟು ವಿವರ. ಈಗ ಬರುವ ಹಾಡುಗಳಲ್ಲಿ ಬಹುಪಾಲು 'ಕ್ಲಿಕ್' ಮೇಲೆ ಧ್ವನಿಮುದ್ರಣವಾಗುತ್ತವೆ. ಕಂಪ್ಯೂಟರಿನಲ್ಲಿ ಹಾಡಿನ ವೇಗವನ್ನು ನಿಮಿಷಕ್ಕೆ ಇಷ್ಟು ಬಡಿತ ಎಂದು ಮೊದಲೇ ನಿಗದಿ ಮಾಡುತ್ತಾರೆ. ಹೆಡ್‌ಫೋನ್ ಹಾಕಿಕೊಂಡ ವಾದಕರ ಕಿವಿಯಲ್ಲಿ ಟಕ್ ಟಕ್ ಎಂದು ಅದು ಬಡಿಯುತ್ತಲೇ ಇರುತ್ತದೆ. ಇಂದು ಗಿಟಾರ್ ನುಡಿಸಿದವರು ಹೋಗುತ್ತಾರೆ, ನಾಳೆ ಕೊಳಲಿನವರು ಬರುತ್ತಾರೆ, ಮುಂದಿನ ವಾರ ಗಾಯಕರು ಬಂದು ಹಾಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಎಲ್ಲರೂ ಆ ಟಕ್ ಟಕ್ ಅನ್ನು ನಂಬಿ ನುಡಿಸಿದರೆ ಕೊನೆಗೆ ಎಲ್ಲವೂ ಒಂದರ ಮೇಲೊಂದು ಕೂರುತ್ತವೆ. ಒಂದು ಪೆಟ್ಟು ಕೂದಲೆಳೆಯಷ್ಟು ಮುಂದೆ ಬಿದ್ದಿದ್ದರೆ ಪರದೆಯ ಮೇಲಿನ ಗೆರೆಗೆ ಎಳೆದು ಕೂರಿಸುತ್ತಾರೆ. ಚೆನ್ನಾಗಿ ಬಂದ ಒಂದು ಆವರ್ತವನ್ನು ಕತ್ತರಿಸಿ ಇಡೀ ಹಾಡಿಗೆ ಅಂಟಿಸುತ್ತಾರೆ.

ಇದರಿಂದ ಖರ್ಚು ಉಳಿಯುತ್ತದೆ, ನಿಜ. ಒಂದೇ ದಿನ ಎಲ್ಲ ವಾದ್ಯಗಾರರಿಗೂ ಕಾಲ್‌ಶೀಟ್ ಕೊಟ್ಟು, ದೊಡ್ಡ ಸಭಾಂಗಣ ಹಿಡಿದು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕಾದ ಕಾಲವನ್ನು ನಾನು ಕಂಡವನು. ಆ ಶ್ರಮ ಏನೆಂದು ಬಲ್ಲೆ. ಸಿನಿಮಾ ಹಾಡಿಗೆ, ನೃತ್ಯ ಸಂಯೋಜನೆ ಮೊದಲೇ ಆಗಿರುವ ಕಡೆಗೆ, ಕ್ಲಿಕ್ ಅನಿವಾರ್ಯವೇ ಇರಬಹುದು. ಆದರೆ ಅನುಕೂಲಕ್ಕೆಂದು ಬಂದ ಒಂದು ಪದ್ಧತಿ ಈಗ ಸಂಗೀತದ ಗುಣಮಟ್ಟವನ್ನು ಅಳೆಯುವ ಮಾನದಂಡವಾಗಿ ಕುಳಿತಿದೆ. ಹದಿನೈದು ವರ್ಷ ಗೆರೆಗೆ ಕೂರಿಸಿದ ತಾಳವನ್ನೇ ಕೇಳಿದ ಕಿವಿಗೆ ಮನುಷ್ಯ ನುಡಿಸಿದ್ದು ತಪ್ಪಾಗಿ ಕೇಳಿಸುತ್ತಿದೆ. ನಿಮ್ಮ ವಿಮರ್ಶಕರಿಗೂ ಹಾಗೇ ಆಗಿದೆ ಎಂದು ನನ್ನ ನಂಬಿಕೆ.

ಈ ಆಲ್ಬಂ ಕ್ಲಿಕ್ ಇಲ್ಲದೆ ಮುದ್ರಣವಾಗಿದೆ. ಜಯನಗರದ ಸಣ್ಣ ಸಭಾಂಗಣವೊಂದರಲ್ಲಿ ಬಿಡುಗಡೆಯ ದಿನ ಗಾಯಕರೇ ವೇದಿಕೆಯ ಮೇಲಿಂದ ಇದನ್ನು ಹೇಳಿದರು: ಎಲ್ಲರೂ ವೃತ್ತವಾಗಿ ಕುಳಿತು, ಹೆಡ್‌ಫೋನ್ ಇಲ್ಲದೆ, ಒಬ್ಬರನ್ನೊಬ್ಬರು ನೋಡುತ್ತಾ ನುಡಿಸಿದ್ದೇವೆ, ಒಂದೊಂದು ಹಾಡಿಗೂ ಒಪ್ಪಿಗೆಯಾದ ಒಂದೇ ಟೇಕ್ ಇಟ್ಟುಕೊಂಡಿದ್ದೇವೆ, ಕತ್ತರಿಸಿ ಜೋಡಿಸಿಲ್ಲ. ವಿಮರ್ಶೆಯಲ್ಲಿ ಈ ಮಾತಿನ ಸುಳಿವೇ ಇಲ್ಲ. ಅದು ಗೊತ್ತಿದ್ದೂ ಇಷ್ಟವಾಗಲಿಲ್ಲ ಎಂದಿದ್ದರೆ ಅದು ಅಭಿರುಚಿಯ ಮಾತು, ನಾನು ಸುಮ್ಮನಿರುತ್ತಿದ್ದೆ.

ಮೂರನೆಯ ಹಾಡನ್ನೇ ತೆಗೆದುಕೊಳ್ಳಿ. ವಿಮರ್ಶಕರು ಬೊಟ್ಟು ಮಾಡಿ ತೋರಿಸಿರುವುದು ಅದನ್ನೇ. ಮಗಳನ್ನು ಗಂಡನ ಮನೆಗೆ ಕಳಿಸಿ ಬಂದ ತಂದೆ ಖಾಲಿ ಹಟ್ಟಿಯಲ್ಲಿ ನಿಂತು ಹಾಡುವ ಪದ. ಗಾಯಕರು ತಾವೇ ಬರೆದದ್ದು, ಆದರೆ ತ್ರಿಪದಿಯ ಧಾಟಿಯಲ್ಲಿ ಬರೆದಿದ್ದಾರೆ. ಮೊದಲೆರಡು ಸಾಲು ಸಲೀಸಾಗಿ ಹರಿದು ಬರುತ್ತವೆ. ಮೂರನೆಯ ಸಾಲಿನ ನಡುವೆ ಮಗಳ ಹೆಸರು ಹಿಡಿದು ಕರೆಯುವಲ್ಲಿ ಅವರು ತಡೆಯುತ್ತಾರೆ. ಎಷ್ಟು ತಡೆಯುತ್ತಾರೆಂದರೆ ಮುಂದಿನ ಪೆಟ್ಟು ಬರಬೇಕಾದ ಜಾಗ ದಾಟಿಹೋಗುತ್ತದೆ. ಆಗ ಢೋಲಕ್ ಏನು ಮಾಡುತ್ತದೆ ಎಂಬುದನ್ನು ದಯವಿಟ್ಟು ಇನ್ನೊಮ್ಮೆ ಕೇಳಿ. ಬಲಗೈ ನಿಂತೇ ಬಿಡುತ್ತದೆ. ಎಡಬದಿಯ ಚರ್ಮದ ಒಳಮೈಗೆ ಮಸಾಲೆ ಮೆತ್ತಿರುತ್ತಾರೆ, ಅದರಿಂದಲೇ ಆ ಕಡೆಯ ನಾದಕ್ಕೆ ತೂಕ ಬರುವುದು. ಆ ಚರ್ಮದ ಮೇಲೆ ಮಣಿಕಟ್ಟನ್ನು ಒತ್ತಿ ಮೆಲ್ಲಗೆ ಮುಂದಕ್ಕೆ ಜಾರಿಸುತ್ತಾನೆ ಢೋಲಕ್ ನುಡಿಸುವ ಹುಡುಗ. ನಾದ ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗುತ್ತದೆ, ಗಾಯಕರ ದನಿ ಹೆಸರಿನ ಕೊನೆಯ ಅಕ್ಷರಕ್ಕೆ ಇಳಿಯುವವರೆಗೂ ಅದು ಕಾಯುತ್ತದೆ, ದನಿ ಇಳಿದ ಕ್ಷಣಕ್ಕೆ ಇಬ್ಬರೂ ಕೂಡಿಯೇ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರುತ್ತಾರೆ. ಇದನ್ನು ಮಾಡಲು ಎದುರಿಗೆ ಕುಳಿತವನ ಗಂಟಲಿನ ನರ ನೋಡುತ್ತಿರಬೇಕು. ಎಣಿಸಿ ಮಾಡಲಾಗುವುದಿಲ್ಲ, ಯಾಕೆಂದರೆ ಎರಡನೆಯ ಚರಣದಲ್ಲಿ ಅದೇ ಜಾಗದಲ್ಲಿ ಗಾಯಕರು ತಡೆಯುವುದೇ ಇಲ್ಲ. ಮೂರನೆಯ ಚರಣದಲ್ಲಿ ಮೊದಲಿಗಿಂತ ಹೆಚ್ಚು ತಡೆಯುತ್ತಾರೆ. ಆ ಹುಡುಗ ಮೂರೂ ಕಡೆ ಅವರ ಜೊತೆಯಲ್ಲೇ ಇದ್ದಾನೆ. ನಾನು ಇಷ್ಟು ವರ್ಷ ಕೂತು ನುಡಿಸಿದವನು ಹೇಳುತ್ತೇನೆ, ಅಂಥ ಪಕ್ಕವಾದ್ಯವನ್ನು ಈಚಿನ ಯಾವ ಕನ್ನಡ ಆಲ್ಬಂನಲ್ಲೂ ನಾನು ಕೇಳಿಲ್ಲ. ವಿಮರ್ಶಕರು ಅದನ್ನೇ ಹಿಂದೆಮುಂದೆ ಆಗಿದೆ ಎಂದು ಬರೆದಿದ್ದಾರೆ.

ತ್ರಿಪದಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನೂ ಹೇಳಬೇಕು. ನಮ್ಮ ಹಳ್ಳಿಯ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡು ಬಂದದ್ದು ಬಹುಮಟ್ಟಿಗೆ ತ್ರಿಪದಿ. ಸರ್ವಜ್ಞನದೂ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಕ್ರಿ.ಶ. 700ರ ಆಸುಪಾಸಿನಲ್ಲೇ, ತ್ರಿಪದಿ ಕಲ್ಲಿನ ಮೇಲೆ ಕೂತಿದೆ. ಹತ್ತನೆಯ ಶತಮಾನದ ನಾಗವರ್ಮ ತನ್ನ ಛಂದಸ್ಸಿನ ಗ್ರಂಥದಲ್ಲಿ ಇದನ್ನು ಕನ್ನಡ ನಾಡಿನದೇ ಆದ ಮಟ್ಟುಗಳ ಜೊತೆಗೆ ಸೇರಿಸಿ ವಿವರಿಸಿದ್ದಾನೆ. ಇದು ಅಂಶಗಣದ ಛಂದಸ್ಸು, ಮಾತ್ರೆ ಎಣಿಸಿ ಕಟ್ಟಿದ್ದಲ್ಲ. ಒಂದು ಮಾತ್ರೆಯ ಗಿಡ್ಡ ಅಕ್ಷರ ಲಘು, ಎರಡು ಮಾತ್ರೆಯ ಉದ್ದ ಅಕ್ಷರ ಗುರು. ಗಣದ ಮೊದಲಿಗೆ ಒಂದು ಗುರುವಾದರೂ ಬರಬಹುದು, ಎರಡು ಲಘುವಾದರೂ ಬರಬಹುದು, ಎರಡಕ್ಕೂ ಒಂದೇ ಅಂಶದ ಬೆಲೆ. ಆಮೇಲಿನ ಜಾಗಗಳಲ್ಲಿ ಒಂದು ಲಘು ಬಂದರೂ ಒಂದು ಗುರು ಬಂದರೂ ಒಂದೇ ಅಂಶ. ಹಾಗಾಗಿ ಮೂರು ಅಂಶದ ಒಂದೇ ವಿಷ್ಣುಗಣ ಒಂದು ಕಡೆ ನಾಲ್ಕು ಮಾತ್ರೆ ತೂಗಬಹುದು, ಪಕ್ಕದಲ್ಲೇ ಆರು ಮಾತ್ರೆ ತೂಗಬಹುದು. ಅವೆರಡನ್ನೂ ಒಂದೇ ನಡಿಗೆಗೆ ತರುವುದು ಹಾಡುವವಳ ಕೆಲಸ. ಎಲ್ಲಿ ಎಳೆಯಬೇಕು, ಎಷ್ಟು ಎಳೆಯಬೇಕು, ಯಾವ ಅಕ್ಷರವನ್ನು ನುಂಗಬೇಕು ಎಂಬ ನಿರ್ಧಾರ ಅವಳದ್ದು. ಕಲ್ಲಿಗೆ ಹೊಸದಾಗಿ ಒಂದು ಹಿಡಿ ರಾಗಿ ಬಿದ್ದಾಗ ಗೂಟ ಭಾರವಾಗುತ್ತದೆ, ಹಾಡು ಒಂದಿಷ್ಟು ನಿಧಾನವಾಗುತ್ತದೆ; ರಾಗಿ ನುರಿದಂತೆ ಕೈ ಹಗುರಾಗುತ್ತದೆ, ಹಾಡು ಮತ್ತೆ ಓಟ ಹಿಡಿಯುತ್ತದೆ.

ಇಂಥ ಪದವನ್ನು ಹದಿನಾರು ಸಮಭಾಗಗಳ ಗೆರೆಯ ಮೇಲೆ ಕೂರಿಸಿದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಲಘುವಿಗೊಂದು ಚೌಕ, ಗುರುವಿಗೆರಡು ಚೌಕ. ಎಳೆಯಬೇಕಾದ ಅಕ್ಷರಕ್ಕೆ ಜಾಗ ಸಾಲದೆ ಅದು ಮೊಟಕಾಗುತ್ತದೆ, ಉಳಿದ ಜಾಗ ತುಂಬಲು ನಡುವೆ 'ಓ', 'ಏ' ಎಂದು ಕೂಗು ಸೇರಿಸುತ್ತಾರೆ. ಮಾತಿನ ಅರ್ಥ ಕೆಡುತ್ತದೆ. ಹಾಡಿದವರು ಕನ್ನಡ ಸರಿಯಾಗಿ ಉಚ್ಚರಿಸುವುದಿಲ್ಲ ಎಂದು ಆಮೇಲೆ ನಾವೇ ಬೈಯುತ್ತೇವೆ. ಎಷ್ಟೋ ಸಲ ತಪ್ಪು ನಾಲಗೆಯದಾಗಿರುವುದಿಲ್ಲ, ಹಾಡಿಗೆ ಹಾಕಿದ ಚೌಕಟ್ಟಿನದಾಗಿರುತ್ತದೆ. ಟಕ್ ಟಕ್ ಎಂದು ಒಂದೇ ಸಮ ಬಡಿದು ಹಾಡಿನ ವೇಗ ತೋರಿಸುವ ಯಂತ್ರ, ಮೆಟ್ರೊನೋಮ್. ಯುರೋಪಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1815ರಲ್ಲಿ. ಬಾದಾಮಿಯ ಕಲ್ಲಿನ ಮೇಲೆ ತ್ರಿಪದಿ ಕೆತ್ತಿ ಆ ಹೊತ್ತಿಗೆ ಸಾವಿರ ವರ್ಷದ ಮೇಲಾಗಿತ್ತು. ನಮ್ಮ ಪದಗಳಿಗೆ ಅವುಗಳದೇ ಕಾಲಜ್ಞಾನವಿದೆ.

ವೇಗದ ವಿಚಾರವೂ ಅಷ್ಟೇ. ಐದನೆಯ ಹಾಡು ಶುರುವಾದ ವೇಗದಲ್ಲಿ ಮುಗಿಯುವುದಿಲ್ಲ ಎಂಬುದು ವಿಮರ್ಶಕರ ಇನ್ನೊಂದು ದೂರು. ಅದು ಕಂಸಾಳೆಯ ಹಾಡು, ಸ್ವಾಮಿ! ಮಲೆ ಮಹದೇಶ್ವರನ ದೇವರಗುಡ್ಡರು ಎಡಗೈಯ ಬಟ್ಟಲಿಗೆ ಬಲಗೈಯ ಕಂಚಿನ ತಾಳವನ್ನು ತಾಗಿಸುತ್ತಾ ನಿಧಾನಕ್ಕೆ ಎತ್ತಿಕೊಂಡು, ಬೀಸು ಕಂಸಾಳೆಗೆ ಬಂದಾಗ ಮೈಯೆಲ್ಲ ಸುತ್ತಿಸಿ ಬೀಸುವ ಹೊತ್ತಿಗೆ ವೇಗ ಎಷ್ಟೋ ಏರಿರುತ್ತದೆ. ಡೊಳ್ಳು ಕುಣಿತದಲ್ಲಿ ಏರುತ್ತದೆ, ವೀರಗಾಸೆಯಲ್ಲಿ ಏರುತ್ತದೆ, ಕೋಲಾಟದಲ್ಲಿ ಏರುತ್ತದೆ. ಏರುವುದೇ ಆ ಪ್ರಕಾರದ ರಚನೆ. ಏರದ ಕಂಸಾಳೆ ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಮಾತ್ರ ಕಾಣಸಿಗುತ್ತದೆ. ಈ ಹಾಡಿನಲ್ಲಿ ಏರಿಕೆ ಎಷ್ಟು ಹದವಾಗಿದೆಯೆಂದರೆ ಎಲ್ಲಿ ಏರಿತು ಎಂದು ಹುಡುಕಿದರೂ ಸಿಗುವುದಿಲ್ಲ. ಪಲ್ಲವಿ ಮತ್ತೆ ಬಂದಾಗ ಮಾತ್ರ, ಓ, ಎಲ್ಲಿಂದ ಎಲ್ಲಿಗೆ ಬಂದೆವು ಎಂದು ತಿಳಿಯುತ್ತದೆ.

ಹಾಗಾದರೆ ತಪ್ಪೇ ಇರುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಇರುತ್ತದೆ. ವೇದಿಕೆಯ ಮೇಲೆ ಚಪ್ಪಾಳೆ ಬಿದ್ದ ಹುರುಪಿಗೆ ಢೋಲಕಿನವನು ಓಡುತ್ತಾನೆ, ಗಾಯಕಿ ಉಸಿರು ಸಿಗದೆ ಹಿಂದೆ ಬೀಳುತ್ತಾಳೆ, ಕೊಳಲಿನವರು ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾರೆ. ಇದು ಲಯ ತಪ್ಪುವುದು. ಎರಡಕ್ಕೂ ವ್ಯತ್ಯಾಸ ತಿಳಿಯಲು ಸಂಗೀತ ಕಲಿತಿರಬೇಕಾಗಿಲ್ಲ. ಹಾಡು ಕೇಳುತ್ತಾ ತೊಡೆಯ ಮೇಲೆ ತಾಳ ಹಾಕಿ. ಲಯ ತಪ್ಪಿದ ಹಾಡಿನಲ್ಲಿ ನಿಮ್ಮ ಕೈ ತಡವರಿಸುತ್ತದೆ, ಯಾರನ್ನು ಹಿಡಿಯಬೇಕು ಎಂದು ತಿಳಿಯದೆ ನಿಲ್ಲುತ್ತದೆ. ಎಲ್ಲರೂ ಕೂಡಿ ಹಿಗ್ಗಿ ಕುಗ್ಗುವ ಹಾಡಿನಲ್ಲಿ ಕೈ ತಾನಾಗಿ ಹಿಂಬಾಲಿಸುತ್ತದೆ. ಮೂರನೆಯ ಹಾಡಿಗೆ ನನ್ನ ಮೊಮ್ಮಗಳು, ಇನ್ನೂ ಪ್ರಾಥಮಿಕ ಶಾಲೆಯವಳು, ಊಟದ ತಟ್ಟೆಯ ಅಂಚಿನ ಮೇಲೆ ಬೆರಳು ಬಡಿಯುತ್ತಾ ಕೂತಿದ್ದಳು. ಆ ಹೆಸರಿನ ಜಾಗ ಬಂದಾಗ ಬೆರಳು ಎತ್ತಿ ಹಿಡಿದು ಕಾದಳು, ಸರಿಯಾಗಿ ಸಮಕ್ಕೆ ಇಳಿಸಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ನನಗೆ ನಿಜವಾಗಿ ಸಂಕಟ ತಂದಿರುವ ಸಂಗತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಗರದ ಒಂದು ಸ್ಟುಡಿಯೊದಲ್ಲಿ ಜಾನಪದ ಶೈಲಿಯ ಹಾಡೊಂದಕ್ಕೆ ಢೋಲಕ್ ನುಡಿಸಲು ಕರೆದಿದ್ದರು. ಅದೇ ಹಾಡಿಗೆ ಕೋಲಾರದ ಕಡೆಯಿಂದ ತಮಟೆಯ ಕಲಾವಿದರೊಬ್ಬರನ್ನೂ ಕರೆಸಿದ್ದರು. ಅವರದು ಚರ್ಮದ ತಮಟೆ, ಈಗ ಎಲ್ಲೆಡೆ ಬಂದಿರುವ ಫೈಬರ್ ಹೊದಿಕೆಯದಲ್ಲ. ಅದು ಕಾದಷ್ಟೂ ಬಿಗಿಯಾಗುತ್ತದೆ, ತಣ್ಣಗಾದರೆ ದನಿ ಸತ್ತುಹೋಗುತ್ತದೆ. ಅಣ್ಣಮ್ಮ ದೇವಿಯ ಉತ್ಸವದಲ್ಲಿ ರಸ್ತೆಯ ಬದಿಗೆ ಒಣಗರಿ, ಕಾಗದ ಹೊತ್ತಿಸಿ ತಮಟೆಯನ್ನು ಉರಿಗೆ ತೋರಿಸುವುದನ್ನು ಬೆಂಗಳೂರಿನವರು ನೋಡಿರುತ್ತೀರಿ. ಸ್ಟುಡಿಯೊದಲ್ಲಿ ಎಸಿ ಹಾಕಿತ್ತು, ಬೆಂಕಿ ಹಚ್ಚುವಂತಿರಲಿಲ್ಲ. ಅವರು ಕಟ್ಟಡದ ಹಿಂಭಾಗಕ್ಕೆ ಹೋಗಿ ಕಾಯಿಸಿಕೊಂಡು, ಮೆಟ್ಟಿಲು ಹತ್ತಿ ಓಡಿ ಬಂದು ನುಡಿಸಬೇಕಾಯಿತು. ಮತ್ತೆ ದನಿ ಇಳಿಯಿತು, ಮತ್ತೆ ಕೆಳಗೆ ಹೋದರು.

ಕಿವಿಗೆ ಹೆಡ್‌ಫೋನ್ ಹಾಕಿದರು. ಕ್ಲಿಕ್ ಬಿಟ್ಟರು. ಬಲಗೈಯ ದಪ್ಪ ಕೋಲು, ಎಡಗೈಯ ತೆಳು ಕಡ್ಡಿ ಎರಡೂ ಆಡತೊಡಗಿದಾಗ ಕಂಟ್ರೋಲ್ ರೂಮಿನ ಹುಡುಗರೂ ಎದ್ದು ನಿಂತರು, ಅಂಥ ಗತ್ತು. ಗಾಯಕರು ಆಗಲೇ ಹಾಡಿಟ್ಟಿದ್ದ ದನಿ ಅವರಿಗೆ ಕೇಳಿಸುತ್ತಿತ್ತು. ಗಾಯಕರು ಉಸಿರು ತೆಗೆದುಕೊಳ್ಳುವಲ್ಲಿ ಅವರು ಒಂದು ಪೆಟ್ಟು ಬಿಟ್ಟು ಹಿಡಿಯುತ್ತಿದ್ದರು, ಸಾಲು ಮುಗಿಯುವಲ್ಲಿ ಒಂದಿಷ್ಟು ಒತ್ತಿ ಮುಂದಕ್ಕೆ ತಳ್ಳುತ್ತಿದ್ದರು. ಮೆರವಣಿಗೆಯಲ್ಲಿ ಹೆಜ್ಜೆ ಹಾಕುವವರ ಕಾಲು ನೋಡಿ ನುಡಿಸಿ ಬೆಳೆದ ಕೈ ಅದು. ಕ್ಲಿಕ್ಕಿಗೆ ಸರಿಯಾಗಿಲ್ಲ, ಮತ್ತೊಮ್ಮೆ ಎಂದರು. ಮತ್ತೊಮ್ಮೆ ನುಡಿಸಿದರು. ಇನ್ನೊಮ್ಮೆ ಎಂದರು. ಸಂಜೆಯ ಹೊತ್ತಿಗೆ ಆ ಮನುಷ್ಯ ತಲೆ ತಗ್ಗಿಸಿ, 'ನನಗೆ ಈ ಟಕ್ ಟಕ್ ಕೇಳಿದರೆ ಹಾಡು ಕೇಳಿಸುವುದಿಲ್ಲ ಸಾರ್' ಎಂದರು. ಸರಿ ಎಂದು ಒಂದು ಕಾಲ್‌ಶೀಟಿನ ಹಣ ಕೊಟ್ಟು ಕಳಿಸಿದರು. ಅವರು ನುಡಿಸಿದ್ದರಲ್ಲಿ ಗೆರೆಗೆ ಹತ್ತಿರವಿದ್ದ ಎರಡು ಸೆಕೆಂಡಿನ ಒಂದು ತುಣುಕನ್ನು ಕತ್ತರಿಸಿ ಲೂಪ್ ಮಾಡಿದರು. ಆ ಹಾಡು ಹೊರಬಂತು, ಹೆಸರೂ ಮಾಡಿತು. ನಾಲ್ಕು ನಿಮಿಷವೂ ಅದೇ ಎರಡು ಸೆಕೆಂಡು. ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಸಂಭ್ರಮಿಸಿದವು. ಜೋಗತಿ ಮಂಜಮ್ಮ ಅವರಿಗೆ, ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರಿಗೆ ಆ ಗೌರವ ಸಂದಾಗಲೂ ಹಾಗೇ. ಆ ಸಂಭ್ರಮ ನನ್ನದೂ ಹೌದು. ಆದರೆ ಅವರಂಥವರ ಕೈಯ ನಡೆ, ಕಂಠದ ನಡೆ ಹಾಡಿನೊಳಗೆ ಇದ್ದಂತೆಯೇ ಬಂದಾಗ ಅದೇ ಪತ್ರಿಕೆಯ ಒಳಪುಟದಲ್ಲಿ ಅದನ್ನು ವೃತ್ತಿಪರವಲ್ಲ ಎಂದು ಬರೆದರೆ, ಆ ಗೌರವ ಯಾವುದಕ್ಕೆ ಸಂದದ್ದು?

ಹೊಸದನ್ನು ಕಂಡರೆ ಸಿಡುಕುವ ಮುದುಕ ಎಂದು ಯಾರಾದರೂ ತಿಳಿಯುವುದು ಬೇಡ. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದು, ಶರೀಫರ ಪದಕ್ಕೆ ಗಿಟಾರ್ ಕೂಡಿದ್ದನ್ನು ಕೇಳಿ ನಮ್ಮ ವಾರಿಗೆಯ ಎಷ್ಟೋ ಜನ ಮೂಗು ಮುರಿದಾಗ ನಾನು ಅವರೊಡನೆ ವಾದ ಮಾಡಿದ್ದೇನೆ. ಶರೀಫರ ಪದಗಳು ಸಿ. ಅಶ್ವತ್ಥ್ ಅವರ ಕಂಠದಿಂದ ಮನೆಮನೆಗೆ ಬಂದಾಗಲೂ ಹಳಬರು ಇದೇ ಗೊಣಗಾಟ ಮಾಡಿದ್ದರು. ತೊಂಬತ್ತರ ದಶಕದಲ್ಲಿ ವಾದ್ಯಗೋಷ್ಠಿಗಳಿಗೆ ರಿದಂ ಪ್ಯಾಡ್ ಬಂದಾಗ ನಾನೂ ಬಳೇಪೇಟೆಯಲ್ಲಿ ವಿಚಾರಿಸಿ, ಸಾಲ ಮಾಡಿ ಒಂದನ್ನು ತಂದು ನುಡಿಸಿದೆ. ಕೋಲಿನ ಪೆಟ್ಟು ಹೊಡೆದದ್ದು ನನ್ನ ಕೈ, ಆದ್ದರಿಂದ ಅಲ್ಲಿಯೂ ನಡೆ ನನ್ನದೇ ಇತ್ತು. ವಿದ್ಯುತ್ ವಾದ್ಯದ ಮೇಲೆ ನನಗೆ ದ್ವೇಷವಿಲ್ಲ. ಈ ಆಲ್ಬಂನಲ್ಲೂ ಎಲೆಕ್ಟ್ರಿಕ್ ಬಾಸ್ ಗಿಟಾರ್ ಇದೆ, ಅದು ತಂಬೂರಿಯ ಜೊತೆ ಬಹಳ ಚೆಂದ ಹೊಂದಿಕೊಂಡಿದೆ.

ಆಲ್ಬಂನಲ್ಲಿ ಕೊರತೆಗಳಿವೆ. ನಾಲ್ಕನೆಯ ಹಾಡಿನಲ್ಲಿ ಗಿಟಾರಿನ ಅಬ್ಬರಕ್ಕೆ ಮಾತು ಕೇಳಿಸುವುದಿಲ್ಲ. ಕೊನೆಯ ಹಾಡು ಮುಗಿಯಬೇಕಾದ ಜಾಗ ದಾಟಿ ಹೋಗುತ್ತದೆ. ನಗರದ ಸಂಚಾರ ದಟ್ಟಣೆಯ ಬಗ್ಗೆ ಬರೆದ ಹಾಡಿನ ಸಾಹಿತ್ಯ ಉಳಿದವುಗಳ ಮಟ್ಟಕ್ಕೆ ಏರುವುದಿಲ್ಲ. ವಿಮರ್ಶಕರು ಅದನ್ನು ಹೊಗಳಿದ್ದಾರೆ, ನನಗೆ ಹಿಡಿಸಲಿಲ್ಲ. ಇವೆಲ್ಲ ಚರ್ಚೆಯಾಗಬೇಕಾದ ಸಂಗತಿಗಳೇ.

ಆದರೆ ಲಯದ ಮೇಲಿನ ತೀರ್ಪಿಗೆ ಪರಿಣಾಮವಿದೆ. ಇಂಥ ಆಲ್ಬಂ ಮಾಡುವವರಿಗೆ ಸಿನಿಮಾದವರ ದುಡ್ಡಿಲ್ಲ. ಎಲ್ಲರನ್ನೂ ಒಂದು ಕಡೆ ಕೂರಿಸಿ ಮುದ್ರಿಸಿಕೊಳ್ಳಲು ಅವರು ಕೈಯಿಂದ ಹಣ ಹಾಕಿರುತ್ತಾರೆ. ಅಷ್ಟು ಮಾಡಿದ ಮೇಲೂ ಅಚ್ಚುಕಟ್ಟಿಲ್ಲ ಎಂಬ ಮಾತು ಬಂದರೆ ಮುಂದಿನ ಸಲ ಕಡಿಮೆ ಖರ್ಚಿನ ದಾರಿ ಹಿಡಿಯುತ್ತಾರೆ, ಯಾರು ತಾನೇ ಹಿಡಿಯುವುದಿಲ್ಲ? ನನ್ನ ಬಳಿ ಕಲಿಯಲು ಬರುವ ಹುಡುಗರು ಈಗಲೇ ಮೊಬೈಲಿನಲ್ಲಿ ಕ್ಲಿಕ್ ಹಾಕಿಕೊಂಡು ಅಭ್ಯಾಸ ಮಾಡುತ್ತಾರೆ. ಮಾಡಲಿ, ಕೈ ಸ್ಥಿರವಾಗಲು ಅದು ಒಳ್ಳೆಯದೇ. ಆದರೆ ಗಾಯಕರ ಮುಖ ನೋಡಿ ನುಡಿಸುವುದನ್ನು ಕಲಿಸಲು ನನಗೆ ಅದರ ಹತ್ತು ಪಟ್ಟು ಹೊತ್ತು ಬೇಕಾಗುತ್ತದೆ. ನಿಮ್ಮ ವಿಮರ್ಶೆಯನ್ನು ಅವರಲ್ಲೊಬ್ಬ ನನಗೆ ತಂದು ತೋರಿಸಿ, 'ಗುರುಗಳೇ, ಪತ್ರಿಕೆಯಲ್ಲಿ ಹೀಗೆ ಹಾಕಿದ್ದಾರಲ್ಲ, ನೀವು ಹೇಳಿಕೊಡುವುದು ಹಾಗಿದ್ದರೆ ತಪ್ಪೇ?' ಎಂದು ಕೇಳಿದ. ಈ ಪತ್ರ ಬರೆಯಲು ಕೂತದ್ದು ಅವನ ಆ ಪ್ರಶ್ನೆಯಿಂದಲೇ.

ನನ್ನ ಕೋರಿಕೆ ಎರಡು. ಆ ವಿಮರ್ಶಕರು ಒಪ್ಪುವುದಾದರೆ ಮೂರನೆಯ ಮತ್ತು ಐದನೆಯ ಹಾಡನ್ನು ಇನ್ನೊಮ್ಮೆ, ಮೊಬೈಲಿನ ಸ್ಪೀಕರಿನಲ್ಲಿ ಕೇಳದೆ, ಒಳ್ಳೆಯ ಪೆಟ್ಟಿಗೆಯಲ್ಲಿ ಕೇಳಲಿ. ಬೇಕಾದರೆ ನಾನೇ ಢೋಲಕ್ ಹಿಡಿದು ನಿಮ್ಮ ಕಚೇರಿಗೆ ಬಂದು, ಅದೇ ಸಾಲನ್ನು ಕ್ಲಿಕ್ಕಿಗೊಮ್ಮೆ, ಹಾಡುವವರ ಜೊತೆಗೊಮ್ಮೆ ನುಡಿಸಿ ತೋರಿಸುತ್ತೇನೆ. ಕೇಳಿದ ಮೇಲೂ ಅವರ ಅಭಿಪ್ರಾಯ ಬದಲಾಗದಿದ್ದರೆ ಅದನ್ನು ಗೌರವಿಸುತ್ತೇನೆ, ಆದರೆ ಕಾರಣ ಬರೆಯಲಿ.

ಎರಡನೆಯದು, ವಿಮರ್ಶೆಯಲ್ಲಿ ಗಾಯಕರ ಹೆಸರು ಬಿಟ್ಟರೆ ಇನ್ನಾರ ಹೆಸರೂ ಇಲ್ಲ. ಹಾಡು ಕೇಳುವ ಆ್ಯಪಿನಲ್ಲೂ ಕಾಣುವುದಿಲ್ಲ. ಹಾಡಿಗೆ ಮೊದಲು ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಆಕಾಶವಾಣಿಯವರು ಹೇಳುತ್ತಿದ್ದುದನ್ನು ಕೇಳಿ ಬೆಳೆದವರು ನಾವು. ಆಗಲೂ ವಾದ್ಯದವರ ಹೆಸರು ಬರುವುದು ಅಪರೂಪವಿತ್ತು. ಬಿಡುಗಡೆಯ ದಿನ ಗಾಯಕರು ಢೋಲಕ್, ತಮಟೆ, ಕಂಸಾಳೆ, ತಂಬೂರಿ, ಕೊಳಲು, ಬಾಸ್ ನುಡಿಸಿದವರನ್ನೂ ಸೊಲ್ಲು ಹಿಡಿದ ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರಾಗಿ ವೇದಿಕೆಗೆ ಕರೆದು ಪರಿಚಯಿಸಿದರು. ಅವರ ಹೆಸರುಗಳ ಪಟ್ಟಿಯನ್ನು ಗಾಯಕರಿಂದ ಪಡೆದು ಮುಂದಿನ ಭಾನುವಾರದ ಪುರವಣಿಯಲ್ಲಿ, ವಿಮರ್ಶೆ ಬಂದ ಅದೇ ಜಾಗದಲ್ಲಿ, ಮುದ್ರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಢೋಲಕ್ ವಾದಕ,
ವಿದ್ಯಾರಣ್ಯಪುರ, ಬೆಂಗಳೂರು